ತೋಟ ನೋಡಬೇಕಾದ್ದು ಪುಷ್ಯ ಮಳೆಯಲ್ಲಿ

ಸದಸ್ಯ ಬಾಂಧವರಲ್ಲಿ ಮೊದಲೇ ಒಂದು ಅರಿಕೆ. ಈ ಬರಹ ಸಂಘದ ಆಡಳಿತ ಮಂಡಳಿಯ ಅಭಿಪ್ರಾಯವಲ್ಲ. ಕಾರ್ಯದರ್ಶಿಯ ಕುರ್ಚಿಯಲ್ಲಿ ಕುಳಿತವನು ಬರೆದದ್ದಾದರೂ ಬರೆದವನು ಆರೂವರೆ ಎಕರೆ ಕಾಫಿ, ಎರಡು ಎಕರೆ ಅಡಿಕೆಯ ಒಬ್ಬ ಬೆಳೆಗಾರ ಮಾತ್ರ. ಮುಂದಿನ ಸಭೆಯಲ್ಲಿ ಇದನ್ನೊಂದು ಸೂಚನೆಯಾಗಿ ಮಂಡಿಸಬೇಕೆಂದಿದ್ದೇನೆ. ಅದಕ್ಕೆ ಮುಂಚೆ ಎಲ್ಲರ ಕಿವಿಗೂ ಒಮ್ಮೆ ಹಾಕಿಬಿಡೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಸೂಚನೆ ಬಹಳ ಚಿಕ್ಕದು. ಪ್ರತಿ ವರ್ಷ ನಾವು ನಡೆಸುವ ತೋಟ ಭೇಟಿ ನವರಾತ್ರಿ ಕಳೆದು ದೀಪಾವಳಿಯೊಳಗೆ ನಡೆಯುತ್ತದೆ. ಹಾಗಲ್ಲದೆ ಅದು ಮಳೆಗಾಲದ ನಡುವೆ, ಪುನರ್ವಸು, ಪುಷ್ಯ ಅಥವಾ ಆಶ್ಲೇಷ ಮಳೆಯಲ್ಲಿ ನಡೆಯಬೇಕು ಎಂಬುದು. ಇದನ್ನು ಕೇಳಿದೊಡನೆ ನಮ್ಮ ನಿರ್ದೇಶಕರಲ್ಲಿ ಒಬ್ಬರು, “ನಿಮಗೆ ತಲೆ ಸರಿ ಇದೆಯಷ್ಟೆ?” ಎಂದು ಕೇಳಿದರು. ಸರಿ ಇದೆ. ಅದು ಹೇಗೆ ಸರಿಯಾಯಿತು ಎಂಬುದನ್ನು ಹೇಳುವುದಕ್ಕೇ ಈ ಬರಹ.

ಪುಷ್ಯ ಮಳೆ ಹಿಡಿದ ಮೂರನೆಯ ದಿನ. ಬೆಳಿಗ್ಗೆ ಮಳೆಮಾಪಕ ನೋಡಿದಾಗ ನಾಲ್ಕು ಇಂಚು ಚಿಲ್ಲರೆ. ಕಚೇರಿಯಲ್ಲಿ ದಿನವಿಡೀ ತೋಟಗಳ ಗಡಿ ಗುರುತಿಸುವ ಕೆಲಸ. ನಿಮಗೆಲ್ಲ ತಿಳಿದಿರುವಂತೆ, ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಆ ದೇಶಗಳು ಕೊಳ್ಳುವಂತಿಲ್ಲ. ಜಾರಿಯ ದಿನವನ್ನು ಮುಂದೂಡುತ್ತ ಬಂದಿದ್ದರೂ ಗಡಿ ಗುರುತಿಸಿಡುವ ಕೆಲಸವಂತೂ ನಮ್ಮ ತಲೆಗೆ ಬಂದಿದೆ. ಮೇಲಿನಿಂದ ಉಪಗ್ರಹ ನೋಡುತ್ತದಂತೆ, ಮರ ಇದೆಯೋ ಇಲ್ಲವೋ ಹೇಳುತ್ತದಂತೆ. ಅಂದು ನಾನು ನನ್ನ ತೋಟವನ್ನೂ ಗಣಕಯಂತ್ರದ ಪರದೆಯ ಮೇಲೆ ನೋಡಿದೆ. ಹಚ್ಚಗೆ, ಒತ್ತಾಗಿ, ಎಲ್ಲೂ ಒಂದು ತೂತಿಲ್ಲದೆ ಕಂಬಳಿ ಹಾಸಿದ ಹಾಗಿತ್ತು. ಮನಸ್ಸಿಗೆ ಸಂತೋಷವೇ ಆಯಿತು ಎನ್ನಿ.

ಐದು ಗಂಟೆಗೆ ಬೀಗ ಹಾಕುವ ಹೊತ್ತಿಗೆ ನನ್ನ ಸ್ನೇಹಿತ ಜಗಲಿಯಲ್ಲಿ ಕುಳಿತಿದ್ದ. ಹೆಸರು ಹಾಕಬೇಡವೆಂದು ಹೇಳಿದ್ದಾನೆ, ಆದ್ದರಿಂದ ಸ್ನೇಹಿತ ಎಂದಷ್ಟೇ ಬರೆಯುತ್ತೇನೆ. ಏಳನೆಯ ತರಗತಿಯವರೆಗೆ ಒಂದೇ ಬೆಂಚು. ಆಮೇಲೆ ನಾನು ಓದಿಕೊಂಡು ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ಮುಗಿಸಿ ಬಂದೆ, ಅವನು ಹದಿನಾಲ್ಕನೇ ವಯಸ್ಸಿಗೇ ಅಡಿಕೆ ಮರ ಹತ್ತಿದ. ಈ ಸುತ್ತಿನಲ್ಲಿ ಅವನಂಥ ಕೊನೆಗಾರ ಇನ್ನೊಬ್ಬನಿರಲಿಲ್ಲ. ಈಗ ಮೊಣಕಾಲು ಮಾತು ಕೇಳದ್ದರಿಂದ ಕಾರ್ಬನ್ ದೋಟಿ ಹಿಡಿದು ನೆಲದ ಮೇಲಿಂದಲೇ ಔಷಧಿ ಹೊಡೆಯುತ್ತಾನೆ. ಸ್ವಂತದ್ದು ಒಂದು ಎಕರೆ ಹತ್ತು ಗುಂಟೆ ಅಡಿಕೆ. ಅದು ನನ್ನ ಕಾಫಿ ತೋಟದ ಕೆಳಗೆ, ಹಳ್ಳದ ಮಗ್ಗುಲಿಗೆ. ಕೊಳೆರೋಗಕ್ಕೆ ಎರಡನೆಯ ಸಲದ ಬೋರ್ಡೋ ಹೊಡೆಯಲು ಹೊಳವಾಗುವುದನ್ನೇ ಕಾಯುತ್ತಿದ್ದ. ಹೊಳವೇ ಇಲ್ಲದ್ದರಿಂದ ಕೆಲಸವಿರಲಿಲ್ಲ.

“ಬಾ ಮಾರಾಯ, ಮೇಲಿನ ಕಾನಿನಲ್ಲಿ ಮರಕೆಸ ಬಂದಿದೆ, ಕೊಯ್ಕೊಂಡು ಬರುವ” ಎಂದ.

ಇಂಥ ಮಳೆಯಲ್ಲಿ ಏನು ಎಂದುಕೊಂಡೆ. ಆದರೆ ಮನೆಗೆ ಹೋದರೆ ಕರೆಂಟಿಲ್ಲದ ಮನೆಯಲ್ಲಿ ಕೂತು ಮಳೆಯನ್ನು ಬಯ್ಯುವುದೇ ಕೆಲಸ. ಪತ್ರೊಡೆಯ ಆಸೆಯೂ ಸೇರಿಕೊಂಡು ಹೊರಟೇಬಿಟ್ಟೆ.

ನನ್ನ ಕಾಲಿಗೆ ಗಂಬೂಟು, ತಲೆಯ ಮೇಲೆ ಕೊಡೆ. ಅವನದು ಬರಿಗಾಲು, ಪ್ಲಾಸ್ಟಿಕ್ ಚೀಲದ ಕೊಪ್ಪೆ. ಕೈಯಲ್ಲೊಂದು ಕೋಲು, ಅದರ ತುದಿಗೆ ಉಪ್ಪು ಮತ್ತು ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು. ಗಂಬೂಟಿನೊಳಗೆ ಉಂಬಳ ಹೋಗುವುದಿಲ್ಲವೆಂಬುದು ಅಂಗಡಿಯವರ ಮಾತು. ಹೋದ ಮೇಲೆ ಹೊರಗೆ ಬರುವುದಿಲ್ಲವೆಂಬುದು ನನ್ನ ಅನುಭವ.

ಗೋದಾಮಿನ ಹಿಂದೆ ಇಳಿದರೆ ಹಿಂದೆ ಗದ್ದೆಬಯಲು. ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಈ ತಿಂಗಳಲ್ಲಿ ಅಲ್ಲಿ ನಟ್ಟಿಯ ಗಲಾಟೆ, ಗೊರಬು ಹೊದ್ದು ಬಗ್ಗಿದ ಹೆಂಗಸರ ಸಾಲು. ಈಗ ಈ ತುದಿಯಿಂದ ಆ ತುದಿಗೆ ಅಡಿಕೆ. ಇದರಲ್ಲಿ ನನ್ನದೂ ಮುಕ್ಕಾಲು ಎಕರೆ ಇದೆ, ಆದ್ದರಿಂದ ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ. ಭತ್ತ ಬೆಳೆದು ಯಾರೂ ಉಳಿಯಲಿಲ್ಲ ಎಂಬುದೂ ನಿಜ. ಆದರೆ ಗದ್ದೆ ಇನ್ನೊಂದು ಕೆಲಸವನ್ನೂ ಸಂಬಳವಿಲ್ಲದೆ ಮಾಡುತ್ತಿತ್ತೆಂಬುದು ಆಗ ನಮಗೆ ಹೊಳೆದಿರಲಿಲ್ಲ. ಗುಡ್ಡದಿಂದ ಬಂದ ಕೆಂಪು ನೀರು ಮೊದಲ ಗದ್ದೆಯಲ್ಲಿ ನಿಂತು ಮಣ್ಣು ಇಳಿಸಿ, ಎರಡನೆಯದರಲ್ಲಿ ಇನ್ನಷ್ಟು ಇಳಿಸಿ, ಹಳ್ಳ ಸೇರುವ ಹೊತ್ತಿಗೆ ತಿಳಿಯಾಗುತ್ತಿತ್ತು. ಅಡಿಕೆ ತೋಟಕ್ಕೆ ನೀರು ನಿಲ್ಲಬಾರದು. ಅದಕ್ಕಾಗಿ ನಾವೇ ಬಸಿಗಾಲುವೆ ತೋಡಿ ಬಂದದ್ದನ್ನು ಬಂದ ಹಾಗೇ ಹೊರಗೆ ಕಳಿಸುತ್ತೇವೆ.

ಅಡಿಕೆ ದಬ್ಬೆಯ ಸಂಕ ದಾಟಿ ಹಳ್ಳದ ಬಲಗವಲಿನ ಪಕ್ಕದ ಕಾಲುದಾರಿ ಹಿಡಿದೆವು. ಈ ಕವಲು ಮೇಲಿನ ಕಾನಿನಿಂದ ಬರುತ್ತದೆ. ಎರಡು ಸಲ ಜಾರಿ ಬಿದ್ದೆ. ಮೂರನೆಯ ಸಲ ಬೀಳುವ ಮುಂಚೆ ಸ್ನೇಹಿತ ಕೊಡೆ ಕಿತ್ತುಕೊಂಡು ಅದನ್ನು ಮಡಿಸಿ ಊರುಗೋಲಾಗಿ ಕೊಟ್ಟ. ನೆನೆಯುವ ಭಯ ಹೋದ ಮೇಲೆ ನಡಿಗೆ ಸಲೀಸಾಯಿತು.

ಕಾನಿನೊಳಗೆ ಬೆಳಕು ಕಡಿಮೆ. ಮೇಲೆ ಮಳೆಯ ಭೋರಾಟ, ಕೆಳಗೆ ಬರುವ ಹೊತ್ತಿಗೆ ಅದು ತಟಪಟ ಹನಿ. ಕಾಲ ಕೆಳಗೆ ಒಂದು ಗೇಣು ದರಗು, ಕಾಲಿಟ್ಟರೆ ಹಾಸಿಗೆಯ ಹಾಗೆ ಒತ್ತುತ್ತದೆ. ಸೀತಾಳೆ ದಂಡೆಯ ಹೂ ಮುಗಿದಿತ್ತು. ಮರಗಳ ಮೈತುಂಬ ಹಾವಸೆ, ಅದರ ಮೇಲೆ ಮರಕೆಸ. ಸ್ನೇಹಿತ ಮೊಣಕಾಲಿನ ದೂರನ್ನು ಮರೆತು ಎರಡಾಳು ಮೇಲೆ ಹತ್ತಿ ಎಲೆ ಕೊಯ್ದು ಕೆಳಗೆ ಹಾಕಿದ. ನಿಂತ ನೀರಿನ ಒಂದು ಗುಂಡಿಯ ಮೇಲೆ ಬಾಗಿದ ರೆಂಬೆಯಲ್ಲಿ ಹತ್ತಿಯ ಉಂಡೆಯಂತೆ ಬೆಳ್ಳಗಿನ ನೊರೆ ಅಂಟಿಕೊಂಡಿತ್ತು. ಹಾರುವ ಮರಗಪ್ಪೆಯ ಗೂಡು ಅದು. ಮೊಟ್ಟೆಯೊಡೆದ ಮರಿಗಳು ನೊರೆಯೊಳಗಿಂದ ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಸುತ್ತಲೂ ಕಪ್ಪೆಗಳ ಕೂಗು, ಒಂದೊಂದಕ್ಕೆ ಒಂದೊಂದು ಶ್ರುತಿ. ಉತ್ತರ ಕನ್ನಡದ ಕತ್ತಲೆಕಾನಿನಂಥ ಕಡೆಗಳಲ್ಲಿ ಇರುವ ಒಂದು ಕಪ್ಪೆಯನ್ನು ವಿಜ್ಞಾನಿಗಳು 2014ರಲ್ಲಿ ಹೊಸದೆಂದು ಗುರುತಿಸಿ ಅದಕ್ಕೆ ಕುಂಬಾರ ಕಪ್ಪೆ ಎಂದೇ ಹೆಸರಿಟ್ಟರು. ಹಳ್ಳದ ದಡದಲ್ಲಿ ಇಟ್ಟ ಮೊಟ್ಟೆಗಳಿಗೆ ಗಂಡು ಕಪ್ಪೆ ಎದ್ದು ನಿಂತು ಕೈಯಿಂದ ಕೆಸರು ಮೆತ್ತುತ್ತದಂತೆ. ಇದನ್ನು ಹೇಳಿದಾಗ ಸ್ನೇಹಿತ, “ಅದಕ್ಕಾದರೂ ಮಣ್ಣು ಎಲ್ಲಿ ಹಾಕಬೇಕು ಅಂತ ಗೊತ್ತುಂಟು” ಎಂದ. ಆಗ ಅದು ನನಗೆ ತಮಾಷೆಯಾಗಿಯೇ ಕೇಳಿಸಿತು.

ಅಷ್ಟು ಮಳೆಯಲ್ಲೂ ಕಾನಿನ ನೀರು ಕೆಂಪಾಗಿರಲಿಲ್ಲ. ದರಗಿನ ಬಣ್ಣ ಇಳಿದು ತೆಳು ಕಷಾಯದ ಹಾಗಿತ್ತು, ಆದರೆ ತಳದ ಕಲ್ಲು ಕಾಣುತ್ತಿತ್ತು.

“ಇಳಿಯುವಾಗ ನಿನ್ನ ರಸ್ತೆಯಲ್ಲೇ ಇಳಿಯುವ” ಎಂದ ಸ್ನೇಹಿತ.

ನನ್ನ ರಸ್ತೆಯ ವಿಚಾರ ಹೇಳಬೇಕು. ಎರಡು ವರ್ಷದ ಹಿಂದೆ, ಹೂಮಳೆ ಬಂದ ವಾರ, ಮೇಲಿನ ಪಟ್ಟೆಗೆ ಪಿಕಪ್ ಹೋಗುವಂತೆ ಜೆ.ಸಿ.ಬಿ. ತರಿಸಿ ರಸ್ತೆ ಮಾಡಿಸಿದೆ. ಹಣ್ಣು ಹೊತ್ತು ಇಳಿಸುವ ಆಳುಗಳು ಸಿಗುವುದಿಲ್ಲ, ರಸ್ತೆ ಬೇಕೇ ಬೇಕಾಗಿತ್ತು. ಯಂತ್ರಕ್ಕೆ ಗಂಟೆಯ ಲೆಕ್ಕದ ಬಾಡಿಗೆ. ಗಂಟೆ ಉಳಿಸುವ ಆಸೆಗೆ ಗುಡ್ಡವನ್ನು ಬಳಸಿ ಸುತ್ತಿ ಇಳಿಸದೆ ನೆಟ್ಟಗೆ ಇಳಿಸಿಬಿಟ್ಟೆ. ಮೋರಿಯ ಪೈಪು ಮುಂದಿನ ವರ್ಷ ಎಂದುಕೊಂಡೆ. ಮುಂದಿನ ವರ್ಷ ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಔಷಧಿಯ ಖರ್ಚು ಬಂತು. ಮಳೆಗಾಲದಲ್ಲಿ ಪಿಕಪ್ ಹೋಗುವ ಪ್ರಶ್ನೆಯೇ ಇಲ್ಲದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಆ ಕಡೆ ತಲೆ ಹಾಕಿದ್ದೇ ಇಲ್ಲ.

ಅಂದು ನೋಡಿದೆ. ಚಕ್ರದ ಎರಡು ಜಾಡುಗಳೂ ಎರಡು ಹಳ್ಳಗಳಾಗಿದ್ದವು, ಒಂದರಲ್ಲಿ ನಿಂತರೆ ಗಂಬೂಟು ಮುಳುಗುವಷ್ಟು ಆಳ. ಗುಡ್ಡ ಕಡಿದ ಕಡೆ ದರೆ ಜರಿದು, ನಾಲ್ಕು ಕಾಫಿ ಗಿಡಗಳು ಬೇರು ಬಿಟ್ಟುಕೊಂಡು ಗಾಳಿಯಲ್ಲಿ ನೇತಾಡುತ್ತಿದ್ದವು. ಎರಡೂ ಕಡೆಯ ಪಟ್ಟೆಗಳಿಗೆ ಮೇ ತಿಂಗಳ ಕೊನೆಯಲ್ಲಿ ಕಳೆನಾಶಕ ಹೊಡೆಸಿದ್ದೆ. ಹುಲ್ಲು ಸತ್ತು ನೆಲ ಬೋಳಾಗಿತ್ತು. ಮೇಲೆ ಸಿಲ್ವರ್ ಓಕಿನ ಸಾಲು, ಐವತ್ತಡಿ ಎತ್ತರದಿಂದ ಒಂದೊಂದು ಹನಿ ಬಿದ್ದಲ್ಲೂ ಬೆರಳು ಊರಿದಂಥ ಗುಳಿ.

“ನೆರಳಿದೆ, ನೆರಳಿದೆ ಅಂತೀರಿ. ನೆರಳು ಬಿಸಿಲಿಗೆ. ಹನಿಗೆ ಬೇಕಾದ್ದು ದರಗು. ನಾನು ಅಷ್ಟು ವರ್ಷ ಮರದ ತುದಿಯಲ್ಲಿದ್ದವ, ಮೇಲಿಂದ ಬೀಳುವ ಹನಿಯ ಪೆಟ್ಟು ಎಷ್ಟು ಅಂತ ನನಗೆ ಗೊತ್ತು” ಎಂದ ಸ್ನೇಹಿತ. ಬಿ.ಎಸ್‌ಸಿ. ಓದಿದವನು ನಾನು. ಎತ್ತರದಿಂದ ಬೀಳುವ ಹನಿ ವೇಗ ಹೆಚ್ಚಿಸಿಕೊಳ್ಳುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ನನ್ನ ತೋಟದಲ್ಲೇ ಅದು ನಡೆಯುತ್ತಿದೆ ಎಂಬುದು ತಲೆಗೆ ಬಂದಿರಲಿಲ್ಲ.

ಸ್ವಲ್ಪ ಇಳಿದ ಮೇಲೆ ಇನ್ನೊಂದು ಮಾತು ಹೇಳಿದ. “ನೀನು ಇದನ್ನು ರಸ್ತೆ ಅಂತಿ. ಮಳೆ ಇದನ್ನು ಹಳ್ಳ ಅಂತಲೇ ತಿಳ್ಕೊಂಡಿದೆ.”

ಎಡಗವಲು ಮತ್ತು ಬಲಗವಲು ಕೂಡುವಲ್ಲಿ ಬಂದು ನಿಂತೆವು. ಬಲದಿಂದ ಕಾನಿನ ನೀರು, ಎಡದಿಂದ ನನ್ನ ತೋಟದ ನೀರು. ಸುಮಾರು ಹತ್ತು ಮಾರು ದೂರ ಎರಡೂ ಬೆರೆಯದೆ ಒಂದರ ಪಕ್ಕ ಒಂದು ಹರಿಯುತ್ತಿದ್ದವು, ಒಂದು ಕಷಾಯ, ಇನ್ನೊಂದು ಕೆಮ್ಮಣ್ಣು ಕದಡಿದ ಹಾಗೆ. ಸ್ನೇಹಿತ ಬಿದ್ದಿದ್ದ ಎರಡು ಹಾಳೆ ಹೆಕ್ಕಿ, ಮಡಚಿ ಕಡ್ಡಿ ಚುಚ್ಚಿ, ಒಂದೊಂದರಲ್ಲಿ ಒಂದೊಂದು ನೀರು ತುಂಬಿ ಅವನ ತೋಟದ ಕಲ್ಲಿನ ಮೇಲೆ ಇಟ್ಟ. ಎಲೆಯಡಿಕೆ ಹಾಕಿಕೊಂಡೆವು. ಎಲೆಯಡಿಕೆ ಮುಗಿಯುವ ಹೊತ್ತಿಗೆ ಕಾನಿನ ನೀರಿನ ತಳದಲ್ಲಿ ಒಂದೆರಡು ಕಸ, ನನ್ನ ನೀರಿನ ತಳದಲ್ಲಿ ಉಗುರಿನ ದಪ್ಪ ಕೆಸರು.

ಆಮೇಲೆ ಅವನ ತೋಟ ತೋರಿಸಿದ. ಮರಕೆಸದ ನೆಪ ಮಾಡಿ ಕರೆದುಕೊಂಡು ಬಂದದ್ದೇ ಇದಕ್ಕೆ ಎಂದು ಆಗ ಅರ್ಥವಾಯಿತು. ಮೇಲಿನ ಬಸಿಗಾಲುವೆ ನನ್ನ ಮಣ್ಣಿನಿಂದ ಪೂರ್ತಿ ಹೂತುಹೋಗಿತ್ತು. ಮೂರು ಸಾಲು ಮರಗಳ ಬುಡದಲ್ಲಿ ನೀರು ಕಟ್ಟಿ ನಿಂತಿತ್ತು, ಸೋಗೆಗೆ ಹಳದಿ ಇಳಿದಿತ್ತು, ಎಳೆಗಾಯಿ ಉದುರಿ ಕೆಸರಿನಲ್ಲಿ ತೇಲುತ್ತಿತ್ತು. ಕಳೆದ ಮಳೆಗಾಲದಿಂದಲೂ ಹೀಗೇ ಆಗುತ್ತಿದೆಯಂತೆ. ದಿನಾ ಸಂಜೆ ಅವನೂ ಅವನ ಹೆಂಡತಿಯೂ ಗುದ್ದಲಿ ಹಿಡಿದು ತೋಡುತ್ತಾರೆ, ರಾತ್ರಿಯ ಮಳೆಗೆ ಮತ್ತೆ ತುಂಬುತ್ತದೆ.

“ಹೇಳಬಾರದಿತ್ತಾ?” ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳೆ ಸಾಲದ ಅರ್ಜಿ ನಿನ್ನ ಮೇಜಿನ ಮೇಲೆ ಉಂಟಲ್ಲ ಮಾರಾಯ” ಎಂದು ನಕ್ಕ. ನನಗೆ ನಗು ಬರಲಿಲ್ಲ.

ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ಒಂದೇ ಬೆಂಚಿನಲ್ಲಿ ಕೂತವನಿಗೇ ಹೀಗನ್ನಿಸಿದರೆ ಉಳಿದವರ ಗತಿ ಏನು? ಸಂಘದ ಕಾರ್ಯದರ್ಶಿಯ ರಸ್ತೆ, ನಿರ್ದೇಶಕರ ಗುಂಡಿ, ದೊಡ್ಡ ತೋಟದವರ ಚರಂಡಿ, ಇವುಗಳ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಕೆಳಗಿನವರಿಗೆ ಗೊತ್ತಿರುತ್ತದೆ. ಹೇಳುವುದಿಲ್ಲ. ಅವರು ಹೇಳುವುದಿಲ್ಲವೆಂದು ಮೇಲಿನವರಿಗೆ ಗೊತ್ತಾಗುವುದೂ ಇಲ್ಲ. ಮರುದಿನವೇ ಅವನ ಅರ್ಜಿಯನ್ನು ಅಧ್ಯಕ್ಷರ ಮುಂದಿಟ್ಟೆ. ಅದೇನೂ ಉಪಕಾರವಲ್ಲ. ಮೂರು ವಾರ ಮೊದಲೇ ಆಗಬೇಕಾಗಿದ್ದದ್ದು.

ನಾವು ಬೆಳೆಗಾರರು ಮಳೆಯ ಲೆಕ್ಕದಲ್ಲಿ ಬಹಳ ಗಟ್ಟಿಗರು. ನಮ್ಮ ತಂದೆಯವರ ಕಾಲದಿಂದ ಮಳೆಯ ಪುಸ್ತಕ ಇಟ್ಟ ಮನೆಗಳಿವೆ. ಎಷ್ಟು ಇಂಚು ಬಂತು ಎಂದು ಸಂತೆಯಲ್ಲಿ, ಮದುವೆಮನೆಯಲ್ಲಿ ಪಂಥ ಕಟ್ಟಿದ ಹಾಗೆ ಹೇಳುತ್ತೇವೆ. ಎಷ್ಟು ಮಣ್ಣು ಹೋಯಿತು ಎಂದು ಬರೆದಿಟ್ಟ ಒಂದು ಪುಸ್ತಕವನ್ನೂ ನಾನು ಕಂಡಿಲ್ಲ. ಲೆಕ್ಕ ಕಷ್ಟದ್ದಲ್ಲ. ನಾಲ್ಕು ಇಂಚು, ಅಂದರೆ ನೂರು ಮಿಲಿಮೀಟರ್ ಮಳೆ ಒಂದು ಎಕರೆಯ ಮೇಲೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ಅಷ್ಟು ನೀರು ಒಂದು ಎಕರೆಯ ಮೈಮೇಲಿಂದ ಬರಿಯ ಒಂದು ಮಿಲಿಮೀಟರ್ ಮಣ್ಣನ್ನು, ಅಂದರೆ ಒಂದು ನಾಣ್ಯದ ದಪ್ಪಕ್ಕಿಂತ ಕಡಿಮೆಯನ್ನು, ಸವರಿಕೊಂಡು ಹೋದರೂ ನಾಲ್ಕು ಘನ ಮೀಟರ್ ಆಗುತ್ತದೆ. ತೂಕದಲ್ಲಿ ಐದು ಟನ್ನಿನ ಹತ್ತಿರ. ಒಂದು ಲೋಡು ಕೊಟ್ಟಿಗೆ ಗೊಬ್ಬರ ತರಿಸುವುದಕ್ಕೆ ನಾವು ಎಷ್ಟು ಕಡೆ ವಿಚಾರಿಸುತ್ತೇವೆ, ಎಷ್ಟು ಚೌಕಾಶಿ ಮಾಡುತ್ತೇವೆ! ಹೋಗುವುದು ಮೇಲ್ಪದರದ ಮಣ್ಣು, ನಾವು ಹಾಕಿದ ಗೊಬ್ಬರವೆಲ್ಲ ಇರುವುದು ಅದರಲ್ಲೇ.

ನಮ್ಮ ಹಳ್ಳ ತುಂಗೆಗೆ ಸೇರುತ್ತದೆ, ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ ಹೊಸಪೇಟೆಯ ಅಣೆಕಟ್ಟೆಗೆ ಹೋಗುತ್ತದೆ. ಅದನ್ನು ಕಟ್ಟಿದಾಗ ಹಿಡಿಯುತ್ತಿದ್ದದ್ದು ಸುಮಾರು 133 ಟಿ.ಎಂ.ಸಿ. ನೀರು. ಹೂಳು ತುಂಬಿ ಈಗ ಹಿಡಿಯುವುದು 105ರ ಆಸುಪಾಸು. ಅದೆಲ್ಲವೂ ನಮ್ಮ ಗುಡ್ಡದ ಮಣ್ಣಲ್ಲ, ದಾರಿಯುದ್ದಕ್ಕೂ ಸೇರಿದ್ದು ಬೇಕಾದಷ್ಟಿದೆ. ನಮ್ಮದು ಒಂದು ಬುಟ್ಟಿಯೂ ಇಲ್ಲವೆಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ನನ್ನ ತಂದೆಯವರಿಗೆ ಕಾಯ್ದೆ, ಉಪಗ್ರಹ ಯಾವುದೂ ಗೊತ್ತಿರಲಿಲ್ಲ. ಜೋರು ಮಳೆ ಹಿಡಿದ ದಿನ ಕಂಬಳಿ ಕೊಪ್ಪೆ ಹಾಕಿ, ಗುದ್ದಲಿ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಮನೆಯಲ್ಲಿ ಬಯ್ಯುತ್ತಿದ್ದರು, ಶೀತವಾಗುತ್ತದೆ ಎಂದು. ಅವರು ಅಲ್ಲಿ ಮಾಡುತ್ತಿದ್ದದ್ದು ಮಹಾ ಕೆಲಸವೇನಲ್ಲ. ನೀರು ಎಲ್ಲಿ ಓಡುತ್ತಿದೆಯೋ ಅಲ್ಲಿ ಒಂದು ಕಲ್ಲು, ನಾಲ್ಕು ಹೆಂಟೆ, ಒಂದು ಕಟ್ಟು ಸೊಪ್ಪು ಇಟ್ಟು ತಿರುಗಿಸುವುದು. ಎಲ್ಲಿ ಕಟ್ಟಿದೆಯೋ ಅಲ್ಲಿ ಎರಡು ಏಟು ಹಾಕಿ ಬಿಡಿಸುವುದು. ಎಲ್ಲಿ ಹೊಸದಾಗಿ ಜಲ ಎದ್ದಿದೆಯೋ ನೋಡಿಕೊಂಡು ಬರುವುದು. ನೀರು ಹೋಗುವ ದಾರಿ ಅದು ಹೋಗುವಾಗಲೇ ಕಾಣುತ್ತದೆ. ದೀಪಾವಳಿಯ ಹೊತ್ತಿಗೆ ನಾವು ದಾರಿ ಸವರಿ, ಗುಳಿ ಮುಚ್ಚಿ, ಜರಿದ ದರೆಯ ಮೇಲೆ ಸೊಪ್ಪು ಹೊದಿಸಿ ಅತಿಥಿಗಳನ್ನು ಕರೆಯುತ್ತೇವೆ. ಆಗ ಬಂದವರು ಕಾಯಿ ಎಣಿಸುತ್ತಾರೆ, ಊಟ ಹೊಗಳುತ್ತಾರೆ. ಆರೋಗ್ಯವಂತನಾಗಿದ್ದ ದಿನ ನೋಡಿ ವೈದ್ಯರ ಬಳಿಗೆ ಹೋದಂತೆ.

ಇದರಲ್ಲಿ ಇನ್ನೂ ದೊಡ್ಡ ಮಾತೊಂದಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು, ಮರುವರ್ಷದ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆಯ ಗುಡ್ಡಗಳು ಕುಸಿದದ್ದು ನಮಗೆಲ್ಲ ನೆನಪಿದೆ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರು, ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ. ಅವುಗಳ ಮುಂದೆ ನನ್ನ ರಸ್ತೆಯ ದರೆ ಏನೂ ಅಲ್ಲ, ಎರಡಕ್ಕೂ ಗಂಟು ಹಾಕಿ ಹೆದರಿಸುವುದು ನನ್ನ ಉದ್ದೇಶವೂ ಅಲ್ಲ. ಆದರೆ ಗುಡ್ಡ ಜಾರುವ ಮುಂಚೆ ಸಾಮಾನ್ಯವಾಗಿ ಕಾಣುವ ಕುರುಹುಗಳಿವೆ. ಮೇಲಿನ ಇಳಿಜಾರಿನಲ್ಲಿ ಉದ್ದುದ್ದ ಬಿರುಕು, ಓರೆಯಾದ ಮರ ಅಥವಾ ಬೇಲಿಗೂಟ, ತಿಳಿಯಾಗಿದ್ದ ಜಲ ಇದ್ದಕ್ಕಿದ್ದಂತೆ ಕೆಸರಾಗುವುದು ಅಥವಾ ನಿಂತೇಹೋಗುವುದು. ಇವು ಯಾವುವೂ ಮನೆಯ ಜಗಲಿಗೆ ಕಾಣುವುದಿಲ್ಲ. ಕಂಡರೆ ಮೊದಲು ಕೆಳಗಿನ ಮನೆಯವರಿಗೆ ಹೇಳಬೇಕು, ಆಮೇಲೆ ಪಂಚಾಯಿತಿಗೆ. ಎಂಟು ಇಂಚು ಸುರಿದ ದಿನ ದರೆಯ ಬುಡಕ್ಕೆ ಯಾರೂ ಹೋಗಬಾರದು ಎಂಬುದನ್ನೂ ಇಲ್ಲೇ ಬರೆದುಬಿಡುತ್ತೇನೆ, ನಾಳೆ ನನ್ನ ಮೇಲೆ ಬರುವುದು ಬೇಡ.

ಇನ್ನೊಂದು ಎಚ್ಚರಿಕೆ. ನೀರಿಂಗಿಸಿ, ಇಂಗುಗುಂಡಿ ತೋಡಿ ಎಂಬ ಬೋಧನೆ ಬಯಲುಸೀಮೆಗೆ ಸರಿ. ನಮ್ಮ ಕಡಿದಾದ ಇಳಿಜಾರಿನ ಸಡಿಲ ಮಣ್ಣಿನಲ್ಲಿ ಯಂತ್ರದಿಂದ ದೊಡ್ಡ ಗುಂಡಿ ತೋಡಿ ಪುಷ್ಯ ಮಳೆಯ ನೀರು ತುಂಬಿಸಿ ನಿಲ್ಲಿಸುವುದು ಗುಡ್ಡಕ್ಕೆ ಭಾರ ಹೊರಿಸಿದಂತೆಯೇ. ಹಿಂದಿನವರು ಗಿಡದ ಸಾಲುಗಳ ನಡುವೆ, ಇಳಿಜಾರಿಗೆ ಅಡ್ಡವಾಗಿ, ಅಲ್ಲೊಂದು ಇಲ್ಲೊಂದು ತೊಟ್ಟಿಲು ಗುಂಡಿ ತೆಗೆಯುತ್ತಿದ್ದರು. ಚಿಕ್ಕವು. ಮಣ್ಣೂ ದರಗೂ ಅದರಲ್ಲಿ ಉಳಿಯುತ್ತಿತ್ತು, ಹೆಚ್ಚಾದ ನೀರು ಮೆಲ್ಲಗೆ ಮುಂದೆ ಹೋಗುತ್ತಿತ್ತು. ಆಳು ಸಿಗದ್ದರಿಂದ ಅದನ್ನು ಬಿಟ್ಟೆವು. ಅದೇ ಕಾರಣಕ್ಕೆ ಕಳೆನಾಶಕಕ್ಕೆ ಬಂದೆವು. ಮಳೆ ಹಿಡಿಯುವ ಮುಂಚೆ ನೆಲ ಬೋಳು ಮಾಡುವುದನ್ನಾದರೂ ಬಿಡಬಹುದು. ಹುಲ್ಲನ್ನು ವೀಡ್ ಕಟರಿನಲ್ಲಿ ನಾಲ್ಕು ಬೆರಳು ಉಳಿಸಿ ಸವರಿದರೆ ಬೇರು ಮಣ್ಣನ್ನು ಹಿಡಿದುಕೊಂಡಿರುತ್ತದೆ. ಖರ್ಚು ಹೆಚ್ಚು, ಒಪ್ಪುತ್ತೇನೆ. ನಮ್ಮ ಸಂಘದ ಮಳಿಗೆಯಲ್ಲಿ ಮೇ ತಿಂಗಳಲ್ಲಿ ಹೆಚ್ಚು ಖರ್ಚಾಗುವ ಡಬ್ಬಿ ಯಾವುದು ಎಂಬುದು ನನಗೆ ಗೊತ್ತು, ಅದರ ಲಾಭವೂ ಗೊತ್ತು. ಆ ಲಾಭದ ಒಂದು ಪಾಲಿನಿಂದ ಬಾಡಿಗೆಗೆ ಕೊಡಲು ನಾಲ್ಕು ವೀಡ್ ಕಟರ್ ಏಕೆ ಇಟ್ಟುಕೊಳ್ಳಬಾರದು? ಇದೂ ಸಭೆಯ ಮುಂದೆ ಬರುತ್ತದೆ.

ಮಳೆಯಲ್ಲಿ ತೋಟ ಭೇಟಿ ಎಂದಾಗ ಬಂದ ಆಕ್ಷೇಪಣೆಗಳು ಹಲವು. ವಯಸ್ಸಾದ ಸದಸ್ಯರು ಜಾರಿ ಬಿದ್ದರೆ? ಸರಿಯಾದ ಪ್ರಶ್ನೆ. ಅವರು ರಸ್ತೆಯಲ್ಲೇ ನಿಂತು ಚರಂಡಿಯ ನೀರಿನ ಬಣ್ಣ ನೋಡಿದರೂ ಸಾಕು. ಉಂಬಳ? ಅದಕ್ಕೆ ಉಪ್ಪಿದೆ. ಜನ ಬರುವುದಿಲ್ಲ? ಊಟಕ್ಕಾಗಿ ಬರುವವರು ಬರುವುದಿಲ್ಲ ಅಷ್ಟೆ. ಇವಕ್ಕೆಲ್ಲ ಉತ್ತರ ಸುಲಭ. ಹಿರಿಯ ನಿರ್ದೇಶಕರೊಬ್ಬರು ಹೇಳಿದ ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. “ಯಾರ ಮಣ್ಣು ಯಾರ ತೋಟಕ್ಕೆ ಹೋಗುತ್ತದೆಂದು ಹತ್ತು ಜನರ ಎದುರು ಕಂಡರೆ ಜಗಳ ಏಳುತ್ತದೆ. ಗಡಿ ಜಗಳ ಕೋರ್ಟಿಗೆ ಹೋಗಿ ಮೂರು ತಲೆಮಾರು ಹಾಳಾದ ಮನೆಗಳನ್ನು ನಾನು ಕಂಡಿದ್ದೇನೆ” ಎಂದರು. ಏಳಬಹುದು. ಈಗ ಜಗಳವಿಲ್ಲ ಎಂದುಕೊಂಡಿದ್ದೇವಲ್ಲ, ಅದು ಇಲ್ಲದ್ದರಿಂದಲೋ, ಕೆಳಗಿನವನು ಬಾಯಿ ಮುಚ್ಚಿಕೊಂಡಿರುವುದರಿಂದಲೋ ಎಂಬುದು ನನ್ನ ಮರುಪ್ರಶ್ನೆ. ಅವರು ಉತ್ತರ ಕೊಡಲಿಲ್ಲ, ಒಪ್ಪಲೂ ಇಲ್ಲ.

ಆ ಭಾನುವಾರ ಇಬ್ಬರು ಆಳುಗಳನ್ನು ಕರೆದುಕೊಂಡು, ಸ್ನೇಹಿತನನ್ನೇ ಮೇಸ್ತ್ರಿ ಮಾಡಿಕೊಂಡು, ರಸ್ತೆಗೆ ಓರೆಯಾಗಿ ಹನ್ನೊಂದು ಕಡೆ ಅಡ್ಡಗಾಲುವೆ ಕಡಿಸಿದೆ. ನೀರು ಒಂದೇ ಕಡೆ ಓಡದೆ ಅಲ್ಲಲ್ಲಿ ತೋಟದೊಳಗಿನ ದರಗಿಗೆ ಇಳಿಯಲಿ ಎಂದು. ಬೋಳಾದ ಕಡೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಹೊದಿಸಿದೆವು. ನೀರಿನ ಕೆಂಪು ಕಡಿಮೆಯಾಗಿದೆ, ಹೋಗಿಲ್ಲ. ಹನ್ನೊಂದರಲ್ಲಿ ಎರಡು ಅಡ್ಡಗಾಲುವೆ ಮಂಗಳವಾರದ ಮಳೆಗೇ ಕಿತ್ತುಹೋದವು. ಪೈಪು ಹಾಕದೆ ಗತ್ಯಂತರವಿಲ್ಲ, ಮಳೆ ನಿಂತ ಮೇಲೆ ಹಾಕಿಸಬೇಕು. ಸ್ನೇಹಿತನ ತೋಟದ ಮಣ್ಣು ಎತ್ತಿಸಿ ಬಸಿಗಾಲುವೆ ತೋಡಿಸುವ ಖರ್ಚು ನನ್ನದು ಎಂದಿದ್ದೇನೆ. ಬೇಡವೆಂದ. ಕೂಲಿ ಬೇಡ, ಮಣ್ಣು ಮಾತ್ರ ವಾಪಸು ತೆಗೆದುಕೊಂಡು ಹೋಗು ಎಂದ. ಅವನ ಮೂರು ಸಾಲು ಮರಗಳು ಚೇತರಿಸುತ್ತವೋ ಇಲ್ಲವೋ ಮುಂದಿನ ವರ್ಷ ಗೊತ್ತಾಗಬೇಕು.

ಸಭೆಯ ತೀರ್ಮಾನ ಏನೇ ಆಗಲಿ, ಮೊದಲ ಭೇಟಿ ನನ್ನ ತೋಟಕ್ಕೇ ಆಗಲಿ ಎಂದು ನಿಶ್ಚಯಿಸಿದ್ದೇನೆ. ಆಗಸ್ಟ್ ತಿಂಗಳ ಎರಡನೆಯ ಶನಿವಾರ, ಕಚೇರಿಗೆ ರಜೆ, ಆಶ್ಲೇಷ ಮಳೆ. ಮಧ್ಯಾಹ್ನ ಮೂರು ಗಂಟೆಗೆ ಗೋದಾಮಿನ ಹಿಂದೆ ಸೇರುವುದು. ಮೊದಲು ಎರಡು ಕವಲು ಕೂಡುವ ಜಾಗ, ಆಮೇಲೆ ಸ್ನೇಹಿತನ ತೋಟ, ಆಮೇಲೆ ರಸ್ತೆ. ಭಾರಿ ಮಳೆಯ ಎಚ್ಚರಿಕೆ ಕೊಟ್ಟಿದ್ದರೆ ಮುಂದಿನ ಶನಿವಾರ. ಊಟದ ವ್ಯವಸ್ಥೆ ಇಲ್ಲ, ಪತ್ರೊಡೆ ಇದೆ, ಮನೆಯಲ್ಲಿ ಒಪ್ಪಿದ್ದಾರೆ. ಉಪ್ಪಿನ ಗಂಟು ನೀವೇ ತರಬೇಕು.